ಬಾಣಂತಿ ಖೋಲಿಯ ಫೋಮ್

೬ ಮೇ, ಮಂಗಳವಾರ

ಹಳಿಯಾಳ. ಹೊಸ ಮನೆ. ಬೆಳಿಗ್ಗೆಯಿಂದ ಕಿಟಕಿ, ಸ್ವಿಚ್‌ಬೋರ್ಡು, ಫ್ಯಾನು — ಎಲ್ಲಕ್ಕೂ ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪು ಹಚ್ಚಿದೆ. ನನ್ನ ಕೆಲಸವೇ ಅದು. ಆಮೇಲೆ ಜ್ಯೋತಿಬಾ ಗನ್ನು ಹಿಡಿದು ತಗಡಿನ ಛಾವಣಿಯ ಒಳಮೈಗೆ ಫೋಮ್ ಹೊಡೆಯುತ್ತಾನೆ. ಹೊಡೆದಾಗ ನೀರು, ನೋಡುನೋಡುತ್ತಲೇ ಉಬ್ಬಿ ಬ್ರೆಡ್ಡು. ಒಂದು ದಿನ ಯಾರೂ ಒಳಗೆ ಹೋಗುವ ಹಾಗಿಲ್ಲ. ಆಮೇಲೆ ಕೆಳಗೆ ಜಿಪ್ಸಮ್ ಬೋರ್ಡು ಮುಚ್ಚಿದರೆ ಮುಗಿಯಿತು. ಬಿಸಿಲಿಗೂ ತಂಪು, ಮಳೆ ಸದ್ದೂ ಇಲ್ಲ.

ಊಟಕ್ಕೆ ಕೂತಾಗ ಶುರುವಾಯಿತು — ಮೀಟರ್ ಡಬ್ಬಿಗೆ ಹಾಳೆ ಕಟ್ಟಿದೆನೋ ಇಲ್ಲವೋ. ಮೂರು ಸಲ ಎದ್ದು ಹೋಗಿ ನೋಡಿದೆ. ಕಟ್ಟಿತ್ತು.

“ಅಕ್ಕಾ, ನನ್ನ ಬಾಯಿ ಒಂದ ಉಳದೈತಿ ನೋಡು, ಅದಕ್ಕೂ ಟೇಪ್ ಹಚ್ಚಿಬಿಡು” ಅಂದ ಜ್ಯೋತಿಬಾ.

೯ ಮೇ, ಶುಕ್ರವಾರ

ಮಳಗಿ. ಹಳೆ ಮನೆ, ನಾಗಲಿಂಗಪ್ಪನವರದು. ಹಿತ್ತಿಲ ಕಡೆ ಖೋಲಿಗೆ ತಗಡು, ಒಳಗೆ ಕಾದ ಹಂಚಿನಂಥ ಸೆಕೆ. ಮಗಳು ಪೂರ್ಣಿಮಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಈ ತಿಂಗಳ ಕೊನೆಗೆ ದಿನ. ಬಾಣಂತಿಗೂ ಕೂಸಿಗೂ ತಂಪಿರಲಿ ಅಂತ ಫೋಮ್.

ಹಳೆ ಮನೆ ಅಂದರೆ ನನಗೆ ಚಿಂತೆ ಜಾಸ್ತಿ. ತಗಡು ಸೋರುತ್ತಿದ್ದರೆ? ಜಂತಿ ಹಸಿ ಇದ್ದು ಫೋಮಿನೊಳಗೇ ಕೊಳೆತರೆ? ಯಾರಿಗೂ ಕಾಣುವುದಿಲ್ಲ. ಒಂದೊಂದೇ ಜಂತಿ ಮುಟ್ಟಿ ನೋಡಿದೆ. ಒಣಗಿತ್ತು. ನೆಲಕ್ಕೆ ಹಾಳೆ ಹಾಸಲು ಬಗ್ಗಿದರೆ ಹೊರಸಿನ ಕೆಳಗೆ ಕೆಂಡ ಹಾಕುವ ಶೇಗಡಿ. ತುಂಬ ಇದ್ದಿಲು.

ನಾಗಲಿಂಗಪ್ಪನವರ ತಾಯಿ ಮುದಕವ್ವ ಬಂದರು. “ಅದು ಬಾಣಂತಿಗೆ, ತಂಗಿ. ಹೊರಸಿನ ಕೆಳಗ ಕೆಂಡ, ಕೆಂಡದ ಮ್ಯಾಲೆ ಲೋಬಾನ. ನಾ ಐದು ಹಡದಾಕಿ, ಐದಕ್ಕೂ ಹಿಂಗ ಕಾಸ್ಯಾರ.”

ಟ್ರೇನಿಂಗಿನಲ್ಲಿ ಸಾಹೇಬರು ಹೇಳಿದ್ದು ಇದೊಂದು ಮರೆತಿಲ್ಲ: ಬೋರ್ಡು ಮುಚ್ಚದ ಫೋಮಿನ ಹತ್ತಿರ ಬೆಂಕಿ ಬೇಡ. ಹತ್ತಿದರೆ ಓಡಲು ಹೊಗೆಯೇ ಬಿಡುವುದಿಲ್ಲ.

ಗುತ್ತಿಗೆ ಹಿಡಿದ ಈರೇಶನಿಗೆ ಹೇಳಿದೆ.

“ಬೋರ್ಡಿನಾಂವ ಹುಬ್ಬಳ್ಳಿಯಿಂದ ಬರಬೇಕು. ಜೂನಕ್ಕ ಬರ್ತಾನ. ಮೊದ್ಲ ಫೋಮ್ ಹೊಡದ ಬಿಡೂಣು.”

“ಕೂಸು ಜೂನ್ ತನಕಾ ಒಳಗ ಕುಂತಿರತೈತೇನ್ರಿ?”

“ಎಂಟನೇ ಇಯತ್ತೆ ಅರ್ಧಕ್ಕ ಬಿಟ್ಟಾಕಿ, ನನಗ ಸಾಲಿ ಕಲಸಬ್ಯಾಡ ಶಂಕ್ರವ್ವಾ.”

ಬಿಟ್ಟಿದ್ದೇನೆ, ಹೌದು. ಕೆಂಡ ಯಾರ ಇಯತ್ತೆಯನ್ನೂ ಕೇಳುವುದಿಲ್ಲ.

೧೦ ಮೇ, ಶನಿವಾರ

ನಾಗಲಿಂಗಪ್ಪನವರಿಗೂ ಹೇಳಿ ನೋಡಿದೆ. “ಬೆಂಕಿ ಹತ್ತೂದಿಲ್ಲಂತ ಈರೇಶ ಗ್ಯಾರಂಟಿ ಕೊಟ್ಟಾನ್ರಿ” ಅಂದರು. ಅಲ್ಲಿಗೆ ಮುಗಿಯಿತು.

ಖೋಲಿಗೆ ಹೋದೆ. ನಿನ್ನೆ ಕಟ್ಟಿದ ಹಾಳೆ ಎಲ್ಲ ಹರಿದೆ. ನಾನೇ ಕಟ್ಟಿದ್ದು, ನಾನೇ ಹರಿದೆ. ಹಾಳೆ ಇಲ್ಲದೆ ಗನ್ನು ಎತ್ತುವ ಹಾಗಿಲ್ಲ. ಉಳಿದ ಟೇಪೂ ನನ್ನ ಚೀಲಕ್ಕೆ.

“ತಲಿ ಕೆಟ್ಟೈತೇನು? ನಾಳಿಂದ ಬರಬ್ಯಾಡ!” ಈರೇಶ.

“ಬರೂದಿಲ್ಲ ತಗೋರಿ.”

ಹೇಳುವಾಗ ಗಟ್ಟಿಯಾಗೇ ಹೇಳಿದೆ. ಬಸ್ಸಿನಲ್ಲಿ ಕೂತ ಮೇಲೆ ಚಿಂತೆ: ಮನೆಯಲ್ಲಿ ನನ್ನ ಮಗಳಿಗೆ ಏನು ಹೇಳಲಿ… ಟೇಪು ಬೇರೆ ಅವನದು. ನಾಳೆ ವಾಪಸು ಕಳಿಸಬೇಕು.

೧೯ ಮೇ, ಸೋಮವಾರ

ಜ್ಯೋತಿಬಾನ ಫೋನು. ಮಳಗಿಯ ಖೋಲಿಗೆ ಫೋಮ್ ಹೊಡೆದೇಬಿಟ್ಟರಂತೆ, ಶನಿವಾರ. ಈರೇಶ ತಾನೇ ಹಾಳೆ ಕಟ್ಟಿದನಂತೆ. ಬೋರ್ಡು? ಇಲ್ಲ.

“ನಾನರ ಏನ ಮಾಡ್ಲಿ ಅಕ್ಕಾ?”

“ಗನ್ ಕೆಳಗ ಇಡಬೇಕಿತ್ತು.”

ಅವನಿಗೂ ಮನೆಯಿದೆ, ಮಕ್ಕಳಿದ್ದಾರೆ. ಆದರೂ ಅಂದದ್ದು ಅಂದೆ.

೨೦ ಮೇ

ನಾಗಲಿಂಗಪ್ಪನವರಿಗೆ ಫೋನು ಮಾಡಿದೆ. “ಖೋಲಿ ಮಸ್ತ್ ತಂಪಾಗೈತಿ. ನೀವು ಸುಮ್ಮ ಹೆದರಸಬ್ಯಾಡ್ರಿ, ಮನ್ಯಾಗ ಬಸರಿ ಅದಾಳ.” ಕಟ್. ಮತ್ತೆರಡು ಸಲ ಮಾಡಿದೆ. ಎತ್ತಲಿಲ್ಲ.

ನನ್ನ ಚಿಂತೆ ನನ್ನ ರೋಗ ಅಂತ ಎಲ್ಲರೂ ಹೇಳುತ್ತಾರೆ. ಇರಬಹುದು. ಇದು ಮಾತ್ರ ರೋಗವಲ್ಲ.

೨೬ ಮೇ, ಸೋಮವಾರ. ಮಳಗಿ ಬಸ್ಸಿನಲ್ಲಿ

ಪೂರ್ಣಿಮಾಳಿಗೆ ಹೆಣ್ಣು ಕೂಸಂತೆ, ಶುಕ್ರವಾರ ಹುಟ್ಟಿದ್ದು. ಇವತ್ತು ದವಾಖಾನೆಯಿಂದ ಮನೆಗೆ. ಜ್ಯೋತಿಬಾನೇ ತಿಳಿಸಿದ. ಅದೇ ಖೋಲಿಯ ಫೋಮಿನ ಒಂದು ತುಂಡನ್ನೂ ಬಸ್‌ಸ್ಟ್ಯಾಂಡಿಗೆ ತಂದು ಕೊಟ್ಟ, ಮುಖ ನೋಡದೆ. ಚೀಲದಲ್ಲಿದೆ. ನಾಗಲಿಂಗಪ್ಪನವರು ಬಾಗಿಲಲ್ಲೇ ಅಟ್ಟಿದರೆ? ಅಟ್ಟಲಿ. ಹಿತ್ತಿಲಿಂದ ಹೋಗುತ್ತೇನೆ.

ಅದೇ ದಿನ, ಮಧ್ಯಾಹ್ನ

ಹಿತ್ತಿಲಿಂದಲೇ ಬಂದೆ. ಮುದಕವ್ವ ಅಂಗಳದಲ್ಲಿ ಶೇಗಡಿ ಹೊತ್ತಿಸುತ್ತಿದ್ದರು. ನಾನು ಯಾರನ್ನೂ ಕೇಳಲಿಲ್ಲ, ಕರೆಯಲಿಲ್ಲ. ತುಂಡನ್ನು ಕೆಂಡದ ಮೇಲಿಟ್ಟು ಊದಿದೆ. ಭಗ್ ಅಂತ ಹತ್ತಿತು. ಕರಿ ಹೊಗೆ. ಇಬ್ಬರಿಗೂ ಕೆಮ್ಮು, ಕಣ್ಣೀರು.

“ಇದನ್ನ ಮ್ಯಾಲೆ ಹೊಡದಾರ, ಆಯಿ. ಕೂಸಿನ ತಲಿ ಮ್ಯಾಲೆ.”

ನಾಗಲಿಂಗಪ್ಪನವರು ಬಂದರು. “ತುಂಡು ಬ್ಯಾರೆ, ಛತ್ತು ಬ್ಯಾರೆ. ಹಾದಿ ಬಿಟ್ಟು ಸರೀರಿ.” ಶೇಗಡಿ ಎತ್ತಿಕೊಂಡರು. ಅಷ್ಟರಲ್ಲಿ ಮುಂದಿನ ಬಾಗಿಲಿಗೆ ಪೂರ್ಣಿಮಾಳ ಗಾಡಿ.

ಬೇರೆ ಏನೂ ಹೊಳೆಯಲಿಲ್ಲ. ಓಡಿ ಹೋಗಿ ಖೋಲಿಯ ಹೊಸ್ತಿಲ ಮೇಲೆ ಕೂತೆ.

“ಏಳ ತಂಗಿ!” ಮುದಕವ್ವ ಕೂಗಿದರು. “ಹೊಸ್ತಿಲ ಮ್ಯಾಲೆ ಕುಂದರಬಾರದು, ಹಸಗೂಸಿನ ಮನಿ!”

“ಗೊತ್ತೈತಿ ಆಯಿ. ಬೋರ್ಡ್ ಬರೂತನಾ ಏಳೂದಿಲ್ಲ. ಕೂಸು, ಕೆಂಡ ಎರಡೂ ಪಡಸಾಲ್ಯಾಗ ಇರಲಿ.”

“ಹೊರಗಿನಾಕಿ ಬಂದು ನನ್ನ ಮನ್ಯಾಗ ಕಾಯಿದೆ ಮಾಡಾಕತ್ತಾಳ! ದಾಟಿ ಹೋಗ್ತೇನಿ ನೋಡ್ರಿ” ಅಂದರು ನಾಗಲಿಂಗಪ್ಪನವರು. ಕೆಂಡದ ಝಳ ನನ್ನ ಮುಖಕ್ಕೆ. ಏಳಲಿಲ್ಲ.

ಮುದಕವ್ವ ಒಳಗೆ ಬಗ್ಗಿ ಛತ್ತು ನೋಡಿದರು. ಮಗನ ಕೈಯಲ್ಲಿದ್ದ ಕೆಂಡ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲು ಹಿಡಿದುಕೊಂಡು ನನ್ನ ಪಕ್ಕಕ್ಕೆ ಬಂದರು.

“ಸರಿ ಅತ್ಲಾಗ.” ಕೂತುಬಿಟ್ಟರು. “ಈಗ ದಾಟಪಾ, ನಾಗಲಿಂಗಾ.”

ಮೂರು ಗಂಟೆ

ಪಡಸಾಲೆಯಲ್ಲಿ ಕೂಸು ಅಳುತ್ತಿದೆ. ಗಟ್ಟಿ ದನಿ. ನಾಗಲಿಂಗಪ್ಪನವರು ಫೋನಿನಲ್ಲಿ ಈರೇಶನನ್ನು ಬೈಯುತ್ತಿದ್ದಾರೆ. ಹುಬ್ಬಳ್ಳಿಯಿಂದ ಹೊರಟ ಬೋರ್ಡಿನ ಗಾಡಿ ಇಂದೂರ ದಾಟಿತಂತೆ. ಕಣ್ಣಿಗೆ ಕಾಣುವವರೆಗೆ ನಂಬುವುದಿಲ್ಲ. ಸೊಂಟ ಹಿಡಿದಿದೆ. ಹೊಸ್ತಿಲ ಮೇಲೆ ಕೂತಲ್ಲೇ ಬರೆಯುತ್ತಿದ್ದೇನೆ.

“ಏನ ಬರಿಯಾಕತ್ತಿ ಅಷ್ಟು? ನನ್ನ ಹೆಸರೂ ಬರಿ. ನಾನೂ ಕುಂತೇನಿಲ್ಲ?”

ಬರೆಯುತ್ತಿದ್ದೇನೆ. ಮುದಕವ್ವ, ಊರು ಮಳಗಿ, ವಯಸ್ಸು —