ಹೇಮಶ್ರೀ ಡಾಕ್ಟರ್ ಬರೆಯದ ಪೇಪರ್

ಫೆಬ್ರವರಿ 26, ಸೋಮವಾರ
ಬೆಳಗಾದರೆ ಮೊದಲು ಚಿನ್ನುವಿನ ಉಚ್ಚೆ ಪರೀಕ್ಷೆ. ಪಟ್ಟಿ ಅದ್ದಿದೆ. ಹಳದಿಯಾಗೇ ಇತ್ತು, ಸದ್ಯ. ಹಸಿರಾದರೆ ಕಿಡ್ನಿ ಮತ್ತೆ ಸೋರುತ್ತಿದೆ ಅಂತ ಲೆಕ್ಕ. ಎರಡು ವರ್ಷದಿಂದ ಇದೇ ಬದುಕು. ಮೊಮ್ಮಗಳಿಗಿಲ್ಲದ ಉಪ್ಪು ನನಗೂ ಬೇಡ ಅಂತ ಬಿಟ್ಟೆ… ಬಾಯಿ ಸತ್ತುಹೋಗಿದೆ.

ಮಗ ಗೌರೀಶ ಹೊಗೆಸೊಪ್ಪಿನ ಸಸಿಮಡಿಗೆ ನೀರು ಬಿಟ್ಟು ಬಂದು ಮೊಬೈಲ್ ಹಿಡಿದು ಕೂತ. ಚಿನ್ನುವನ್ನು ನೋಡುವ ಮೈಸೂರಿನ ಹೇಮಶ್ರೀ ಡಾಕ್ಟರ್ ಸಂಶೋಧನೆ ಮಾಡಿ ಬರೆದ ಪೇಪರುಗಳಂತೆ. ಬೆರಳಲ್ಲಿ ಎಳೆದಷ್ಟೂ ಮುಗಿಯಲಿಲ್ಲ.

"ನೋಡವ್ವ, ಎಲ್ಲಾ ಮಕ್ಕಳ ಕಿಡ್ನಿ ಮೇಲೇಯ. ಫಾರಿನ್ ಪುಸ್ತಕದಲ್ಲೂ ಬಂದದೆ."

"ಇಷ್ಟು ಬರಿಯೋ ಹೊತ್ಗೆ ನಮ್ ಕೂಸಿನ ಮಖದ ಊತ ಇಳಿಸ್ಬೌದಾಗಿತ್ತು ಆಯಮ್ಮ. ಏನ್ ಬರ್ದವ್ಳಂತೆ? ಉಪ್ಪು ಹಾಕ್ಬ್ಯಾಡಿ ಅಂತ್ಲಾ?"

ಸೊಸೆ ನೀಲಾಂಬಿಕೆ ನಕ್ಕಳು. ಅಪರೂಪ.

ಮಾರ್ಚ್ 4, ಸೋಮವಾರ
ಚಿನ್ನುವಿಗೆ ಜ್ವರ, ಮೈಮೇಲೆ ನೀರುಗುಳ್ಳೆ. ಸೀತಾಳೆ. ಅಮ್ಮ ಬಂದಿದ್ದಾಳೆ. ಬಾಗಿಲಿಗೆ ಬೇವು ಕಟ್ಟಿದೆ. ಒಗ್ಗರಣೆ ನಿಲ್ಲಿಸಿದೆ.

ನೀಲಾಂಬಿಕೆ ಮಾತ್ರೆ ಡಬ್ಬಿ ಹಿಡಿದು ನಿಂತಿದ್ದಳು. "ಅತ್ತೆ, ಕಿಡ್ನಿ ಮಾತ್ರೆ ಒಂದ್ನಾದ್ರೂ ಕೊಡವಾ?"

"ಅಮ್ಮ ಮನೇಲಿರುವಾಗ ಮಾತ್ರೆ ಕೊಟ್ಟಾರೇನೇ? ಮೇಲಕ್ಕಿಟ್ಬುಡು."

ಇಟ್ಟಳು. ನಮ್ಮತ್ತೆ ಕಾಲದಿಂದ ನಡೆದದ್ದು. ನನ್ನ ಮಕ್ಕಳೆಲ್ಲ ಹೀಗೇ ಎದ್ದವರು.

ಮಾರ್ಚ್ 6, ಬುಧವಾರ
ಗುಳ್ಳೆ ಬಾಯೊಳಗೂ ಎದ್ದಿವೆ. ವಾಂತಿ. ಎದೆಯಲ್ಲಿ ಗೊರಗೊರ. ಕರೆದರೆ ಕಣ್ಣು ಬಿಟ್ಟು ಮುಚ್ಚುತ್ತಾಳೆ.

"ಡಾಕ್ಟ್ರಿಗೆ ಫೋನ್ ಮಾಡ್ತೀನಿ ಕಣವ್ವ" ಅಂದ ಗೌರೀಶ.

"ಅಮ್ಮ ಮುನಿಸ್ಕತಾಳೆ" ಅಂದೆ. ಅಂದವಳೇ ಚಿನ್ನುವನ್ನು ಕರೆದೆ, ಈ ಸಲ ಕಣ್ಣೂ ಬಿಡಲಿಲ್ಲ. "ಮಾಡ್ಲಾ, ಇನ್ನೇನ್ ನೋಡ್ತಾ ಕುಂತಿದ್ದೀಯ!"

ಫೋನಿನಲ್ಲಿ ಡಾಕ್ಟರ್ ದನಿ ನನಗೂ ಕೇಳಿತು. "ಮಾತ್ರೆ ನಿಲ್ಲಿಸಿದ್ರಾ? ಯಾರು ಹೇಳಿದ್ದು?" ಗೌರೀಶ ನನ್ನ ಮುಖ ನೋಡಿದ. ನಾನು ಬಾಗಿಲ ಬೇವು ನೋಡಿದೆ.

ಮೈಸೂರಿಗೆ ಹೋಗಲು ಕಾರು ಬರುತ್ತಿದೆ.

ಮಾರ್ಚ್ 9, ಶನಿವಾರ. ಮೈಸೂರು
ನಿನ್ನೆ ಶಿವರಾತ್ರಿ. ಉಪವಾಸ ಅಂತ ಬೇರೆ ಮಾಡಬೇಕಾಗಲಿಲ್ಲ, ಯಾರ ಗಂಟಲಲ್ಲೂ ಏನೂ ಇಳಿಯಲಿಲ್ಲ. ಚಿನ್ನು ಐಸಿಯುನಲ್ಲಿ. ಒಳಗೆ ಒಬ್ಬರನ್ನೇ ಬಿಡುವುದು. ನೀಲಾಂಬಿಕೆ ಇದ್ದಾಳೆ. ನನ್ನ ಜೊತೆ ಮಾತಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೇಮಶ್ರೀ ಡಾಕ್ಟರ್ ಬೆಂಚಿನ ಮೇಲೆ ಪಕ್ಕಕ್ಕೇ ಬಂದು ಕೂತಳು. "ಆ ಮಾತ್ರೆ ತಿನ್ನೋ ಮಕ್ಕಳಿಗೆ ಸೀತಾಳೆ ಜೋರಾಗಿ ಬರುತ್ತೆ ಅಜ್ಜಿ. ಹಾಗಂತ ಮಾತ್ರೆನ ದಿಢೀರಂತ ನಿಲ್ಲಿಸಿದ್ರೂ ಮೈ ತಡೆಯಲ್ಲ."

"ಉಪ್ಪು ಬ್ಯಾಡ ಅಂದ್ರಿ. ಇದ ಹೇಳ್ನಿಲ್ವಲ್ಲ? ಅಷ್ಟೊಂದು ಪೇಪರ್ ಬರ್ದಿದ್ದೀರಿ. ಅಮ್ಮ ಬಂದ್ರೆ ನಮ್ ಕಡೆ ಮಾತ್ರೆ ಬುಡುಸ್ತಾರೆ ಅಂತ ಒಂದ್ರಲ್ಲಾದ್ರೂ ಬರ್ದಿದ್ದೀರಾ?"



"ಇಲ್ಲ ಅಜ್ಜಿ. ನಾನು ಬರೆಯೋದು ನನ್ನ ಹತ್ರ ಬಂದ ಮಕ್ಕಳ ಮೇಲೆ. ಹೀಗಾದ ಮಕ್ಕಳು ಇಲ್ಲಿಗೆ ಬರೋದೇ ಇಲ್ಲ."

ಅಂದರೆ ಎಲ್ಲಿಗೆ ಹೋಗುತ್ತವೆ ಅಂತ ನಾನು ಕೇಳಲಿಲ್ಲ.

ಮಾರ್ಚ್ 13, ಬುಧವಾರ
ಎದೆಯ ಸದ್ದು ತಗ್ಗಿದೆ. ಉಚ್ಚೆ ಇನ್ನೂ ಸರಿಯಿಲ್ಲ.

ಚಿನ್ನುವಿನ ವಿಷಯ ಪೇಪರಿನಲ್ಲಿ ಬರೆಯಬಹುದಾ ಅಂತ ಡಾಕ್ಟರ್ ಕೇಳಿದಳು. ಹೆಸರು ಹಾಕುವುದಿಲ್ಲವಂತೆ. ಗೌರೀಶ ಹೂಂ ಅಂತ ತಲೆಯಾಡಿಸಿದ. ನೀಲಾಂಬಿಕೆ ಈಗ ಬಾಯಿ ಬಿಟ್ಟಳು— "ನಮ್ಮತ್ತೇನ ಕೇಳಿ ಮೇಡಂ. ನಿಲ್ಸಿದ್ದು ಅವರೇಯ."

"ಬರೀರಿ. ಅಜ್ಜಿ ನಿಲ್ಸಿದ್ಲು ಅಂತ್ಲೇ ಬರೀರಿ. ನನ್ ಹೆಸರು ಬೇಕಾದ್ರೆ ಹಾಕಿ— ಶಿವರುದ್ರಮ್ಮ, ಹನಗೋಡು. ಆದ್ರೆ ಕೊನೇ ಸಾಲು ಈಗ್ಲೇ ಬರೀಬ್ಯಾಡಿ. ಕೂಸು ಎದ್ದು ಕುಂತ್ಕಳ್ಲಿ."

"ಕಾಯ್ತೀನಿ" ಅಂದಳು.

ಮಾರ್ಚ್ 15, ಶುಕ್ರವಾರ, ಬೆಳಿಗ್ಗೆ
ಇಷ್ಟು ದಿನ ಔಷಧಿಯೆಲ್ಲ ಸೂಜಿಯಲ್ಲಿ. ಇವತ್ತಿಂದ ಬಾಯಿಗೆ ಮಾತ್ರೆ. ಚಿನ್ನು ತುಟಿ ಬಿಗಿಹಿಡಿದು ಕೂತಿದ್ದಾಳಂತೆ. ನರ್ಸ್ ಬಂದು ಹೇಳಿದಳು— "ಅಮ್ಮ ಬಂದಿರುವಾಗ ಮಾತ್ರೆ ತಿನ್ಬಾರ್ದು, ನಮ್ಮಜ್ಜಿ ಹೇಳವ್ರೆ ಅಂತಾಳೆ. ನೀವೇ ಬನ್ನಿ ಅಜ್ಜಿ."

ಅಮ್ಮ ಹೋದಳು ಅಂದರೆ ನಂಬುವ ಕೂಸಲ್ಲ, ಗುಳ್ಳೆ ಇನ್ನೂ ಮೈಮೇಲಿವೆ. ನಾನು ಹೇಳಿದ್ದೇ ತಪ್ಪು ಅನ್ನಬೇಕು. ಅದೂ ಸೊಸೆಯ ಮುಂದೆ. ಈ ವಯಸ್ಸಿನಲ್ಲಿ, ಈ ನಾಲಿಗೆಯಲ್ಲಿ…

ಒಳಗೆ ಹೋಗಲು ಗೌನು ಕೊಟ್ಟಿದ್ದಾರೆ. ಬೆನ್ನ ಹಿಂದಿನ ದಾರಕ್ಕೆ ಕೈ ಎಟುಕುತ್ತಿಲ್ಲ. ನೀಲಾಂಬಿಕೆ ಬಾಗಿಲಲ್ಲೇ ನಿಂತು ನೋಡುತ್ತಿದ್ದಾಳೆ. ಎದ್ದು ಒಳಗೆ ಹೋಗಿ ತಪ್ಪಾಯ್ತು ಅಂದೇಬಿಡುತ್ತೇನೆ. ಸೊಸೆ ಹತ್ತಿರ ಬಂದಳು, ದಾರ ಕಟ್ಟೋಕೇ ಇರಬೇಕು—