ಎತ್ತರದ ಸೀಟಿನ ಬೂದು ಗಾಡಿ

ಪ್ರೀತಿಯ ಅಪ್ಪನಿಗೆ,

ಫೋನಿನಲ್ಲಿ ಹೇಳಹೊರಟರೆ ಅಮ್ಮ ನಡುವೆ ಬಾಯಿ ಹಾಕುತ್ತಾಳೆ. ಅದಕ್ಕೇ ಬರೆದು, ಆಸ್ಪತ್ರೆಗೆ ಬರುವ ಚಿಕ್ಕಪ್ಪನ ಕೈಗೆ ಕೊಡುತ್ತಿದ್ದೇನೆ. ಗಾಡಿ ಸಿಕ್ಕಿತು!

ಹಳೆ ಕಾರು ಮಾರುವ ಅಂಗಡಿಯಲ್ಲಿ ಮೊದಲು ನನ್ನ ಕಣ್ಣು ಬಿದ್ದದ್ದು ಕೆಂಪು ಎಸ್‌ಯುವಿ ಮೇಲೆ. ಲೈಸೆನ್ಸ್ ಬಂದು ತಿಂಗಳೂ ಆಗಿಲ್ಲ, ಆಗಲೇ ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಆಸೆ. ಚಿಕ್ಕಮ್ಮ ಟಾರ್ಚ್ ಹಿಡಿದು ಬಗ್ಗಿ ನೋಡಿ, "ಮೇಲೆ ಥಳುಕು, ಒಳಗೆ ಹುಳುಕು ಕಣೇ. ತಳವೆಲ್ಲ ತುಕ್ಕು!" ಅಂದಳು.

ಮೂಲೆಯಲ್ಲಿ ಬೂದು ಬಣ್ಣದ್ದೊಂದು ನಿಂತಿತ್ತು. ಹಳೆಯದೇ, ಬಾಗಿಲಲ್ಲಿ ಉದ್ದನೆಯ ಗೀರು ಬೇರೆ. ಆದರೆ ಏರ್‌ಬ್ಯಾಗ್ ಇದೆ, ಟೈರು ಹೊಸದು, ಬೆಲೆಯೂ ನಮ್ಮ ಕೈಗೆಟುಕುವಂಥದ್ದು.

ಓಡಿಸಿ ನೋಡುವಾಗ ನಾಯಿಯೊಂದು ದಿಢೀರನೆ ಅಡ್ಡ ಬಂತು. ಬ್ರೇಕ್ ಒತ್ತಿದೆ. ಗಾಡಿ ಅತ್ತಿತ್ತ ಎಳೆಯದೆ ನೆಟ್ಟಗೆ ನಿಂತಿತು. ನಾಯಿ ತನಗೇನೂ ಸಂಬಂಧವಿಲ್ಲವೆಂಬಂತೆ ದಾಟಿ ಹೋಯಿತು. ನಿಮ್ಮ ಅಪಘಾತದ ನಂತರ ಗಾಡಿಯ ಮಾತೆತ್ತಿದರೇ ಸಿಡುಕುತ್ತಿದ್ದ ಅಮ್ಮ, ಹಿಂದಿನ ಸೀಟಿನಿಂದ ಏನಂದಳು ಗೊತ್ತೇ? "ಇದನ್ನೇ ತಗೊಳ್ಳೋಣ. ಇವಳಿಗೆ ನಿಲ್ಲಿಸೋಕೆ ಬರುತ್ತೆ."

ಮುಂದಿನ ಸೀಟು ಎತ್ತರವಾಗಿದೆ, ಪೂರ್ತಿ ಹಿಂದಕ್ಕೆ ಸರಿಯುತ್ತದೆ. ಪ್ಲಾಸ್ಟರ್ ಹಾಕಿದ ಕಾಲನ್ನು ನೀವು ಮಡಚಬೇಕಿಲ್ಲ. ನಾನೇ ಕಾಲು ಚಾಚಿ ಕೂತು ನೋಡಿದ್ದೇನೆ. ಮನೆಗೆ ಕಳಿಸುವ ದಿನ ಆಂಬುಲೆನ್ಸ್ ಬೇಡವೆಂದು ಡಾಕ್ಟರಿಗೆ ಈಗಲೇ ಹೇಳಿಬಿಡಿ. ಒಂದೇ ಷರತ್ತು: ದಾರಿಯುದ್ದಕ್ಕೂ "ನಿಧಾನ, ನಿಧಾನ" ಎಂದು ಕೂಗಬಾರದು.

ಕೂಗಿದರೂ ಪರವಾಗಿಲ್ಲ.

ನಿಮ್ಮ ಹೊಸ ಡ್ರೈವರ್,
ಮಗಳು