ಒಂದೊಂದಾಗಿ ತೆಗೆದ ಪೆಟ್ಟಿಗೆಗಳು

ಎಲ್ ಅತ್ತಾಯಾ ಬಂದರು, ಕೆರ್ಕೆನಾ ದ್ವೀಪ
ಮಂಗಳವಾರ, ೩ ಫೆಬ್ರವರಿ ೨೦೨೬

ನನ್ನ ಅಕ್ಕನ ಪ್ರೀತಿಯ ಮಗಳು ಎಮ್ನಾ,

ಹೇಗಿದ್ದೀಯ? ನಮ್ಮ ಕಡಲಿನ ಚಳಿ ಮೈಮೇಲೆ ಸವರಿಕೊಂಡು ಹೋಗಿಬಿಡುತ್ತದೆ, ನೀನಿರುವ ಕೈರವಾನಿನ ಚಳಿ ಮೂಳೆಯೊಳಗೆ ಇಳಿದು ಅಲ್ಲೇ ಬಾಡಿಗೆಗೆ ಕೂರುತ್ತದೆ ಎಂದು ವ್ಯಾನಿನ ಡ್ರೈವರುಗಳು ಹೇಳುತ್ತಾರೆ. ನಿಮ್ಮಮ್ಮ ಹೆಣೆದು ಕಳಿಸಿದ ಕಾಲುಚೀಲ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲಾ ಬಣ್ಣ ಸರಿ ಇಲ್ಲವೆಂದು ಪೆಟ್ಟಿಗೆಯ ತಳಕ್ಕೆ ಹಾಕಿದ್ದೀಯಾ? ಹಾಸ್ಟೆಲಿನಲ್ಲಿ ಮೀನು ಅಂತ ಏನಾದರೂ ಬಡಿಸಿದರೆ ಮುಟ್ಟಬೇಡ, ಕಡಲಿನಿಂದ ಅಷ್ಟು ದೂರ ನಡೆದು ಹೋದದ್ದು ಮೀನಾಗಿ ಉಳಿದಿರುವುದಿಲ್ಲ. ಮೊಟ್ಟೆ ತಿನ್ನು. ಸೂಜಿ ಚುಚ್ಚುವುದನ್ನು ಕಲಿಸಿದರೇ? ಕಲಿತಿದ್ದರೆ ಮೊದಲನೆಯದನ್ನು ನಿನ್ನ ದೊಡ್ಡಪ್ಪನ ಮಗ ಲಸ್ಸಾದನಿಗೆ ಮೀಸಲಿಡು, ದಪ್ಪ ಸೂಜಿಯನ್ನೇ ಆರಿಸಿಕೊ. ನನ್ನ ಆರೋಗ್ಯ ಚೆನ್ನಾಗಿದೆ. ಹೆಬ್ಬೆರಳು ಸ್ವಲ್ಪ ಊದಿದೆ, ಅದು ಹಗ್ಗ ಎಳೆದದ್ದಕ್ಕೆ, ಬೇರೆ ಏನಕ್ಕೂ ಅಲ್ಲ. ನಿಮ್ಮಮ್ಮ ಬೇರೆ ಕಾರಣ ಹೇಳಿದರೆ ನಂಬಬೇಡ.

ನನ್ನ ನಂಬರನ್ನು ನೀನು ಬ್ಲಾಕ್ ಮಾಡಿರುವುದು ನನಗೆ ಗೊತ್ತು. ಮೊದಲ ದಿನ ಟವರ್ ಕೆಟ್ಟಿದೆ ಎಂದುಕೊಂಡೆ. ಎರಡನೇ ದಿನ ನಿನ್ನ ಫೋನ್ ಕೆಟ್ಟಿದೆ ಎಂದುಕೊಂಡೆ. ಆಮೇಲೆ ನಿಮ್ಮಮ್ಮ ಅಡುಗೆಮನೆಯಲ್ಲಿ ನಿಂತು ನಿನ್ನ ಜೊತೆ ಅರ್ಧ ಗಂಟೆ ಮಾತಾಡಿದ್ದು ಕಿವಿಗೆ ಬಿತ್ತು, ಕೆಟ್ಟಿರುವುದು ನನ್ನ ನಸೀಬು ಅಂತ ತಿಳಿಯಿತು. ಸರಿ. ಫೋನು ಹುಟ್ಟುವ ಮೊದಲೂ ಜನ ಜಗಳವಾಡುತ್ತಿದ್ದರು, ಪೆನ್ನಿನಲ್ಲಿ. ನಾನು ಆರನೇ ತರಗತಿವರೆಗೆ ಓದಿದವನು, ನನ್ನ ಅಕ್ಷರ ನೋಡಿ ಮೇಷ್ಟ್ರು ಇಡೀ ಶಾಲೆಗೆ ತೋರಿಸಿದ್ದರು. ಯಾಕೆ ತೋರಿಸಿದರು ಎನ್ನುವುದು ಇಲ್ಲಿ ಬೇಡ. ಈ ಪತ್ರವನ್ನು ಫೆರ್ರಿಯ ಟಿಕೆಟ್ ಹರಿಯುವ ಸಲಾಹ್ ಸ್ಫಾಕ್ಸ್‌ವರೆಗೆ ತರುತ್ತಾನೆ, ಅಲ್ಲಿಂದ ಕೈರವಾನಿನ ವ್ಯಾನಿನವನ ಕೈಗೆ ಕೊಡುತ್ತಾನೆ. ಗುರುವಾರದೊಳಗೆ ನಿನ್ನ ಕೈ ಸೇರಬೇಕು.

ತಪ್ಪಾಯಿತು ಎಂದು ಬರೆಯುವುದಕ್ಕೆ ನಾನು ಕೂತಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಸಾಲನ್ನು ಹುಡುಕಿಕೊಂಡು ಹಾಳೆ ಮಗುಚಬೇಡ. ಸೆಪ್ಟೆಂಬರಿನಲ್ಲಿ ಫೆರ್ರಿ ಹತ್ತುವ ಮುಂಚೆ ನೀನು ನಿನ್ನ ಹಳೆಯ ಫೋನನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. "ಮಾಮ, ಹಾಸ್ಟೆಲ್ಲಲ್ಲಿ ನೆಟ್ಟು ಆಮೆ ಥರ. ನಾನಿಲ್ದೇ ಇದ್ದಾಗ ಇದರಲ್ಲಿರೋ ಫುಟ್‌ಬಾಲ್ ಆಟ ನೀನೇ ಆಡ್ತಾ ಇರು. ನಮ್ಮ ಟೀಮು ಮೊದಲ ದರ್ಜೆಯಿಂದ ಕೆಳಗೆ ಬೀಳಬಾರ್ದು. ಆದ್ರೆ ಗೆದ್ದಾಗ ಆಟದೊಳಗೆ ಸಿಗೋ ಬಹುಮಾನದ ಪೆಟ್ಟಿಗೆಗಳನ್ನ ಮಾತ್ರ ಮುಟ್ಬೇಡ. ರಂಜಾನ್ ಬರ್ಲಿ, ಆಗ ಚಿನ್ನದ ಸಾಮಾನು ಬರೋ ಅದೃಷ್ಟ ಎರಡರಷ್ಟು ಮಾಡ್ತಾರೆ, ಆವಾಗ ತೆಗೀತೀನಿ." ಮೂರು ವರ್ಷ ಆಡಿ ಆಡಿ ನೀನು ಕಟ್ಟಿದ ಟೀಮು ಅದು, ನನಗೆ ಗೊತ್ತಿಲ್ಲವೇ? ಆಟಗಾರರಿಗೆಲ್ಲ ನಮ್ಮ ಬಂದರಿನವರ ಹೆಸರು. ಗೋಲಿನಲ್ಲಿ ನಿಲ್ಲುವವನಿಗೆ ನನ್ನ ಹೆಸರು, ನನ್ನ ಮೀಸೆ, ನನ್ನ ಹೊಟ್ಟೆಗಿಂತ ಸ್ವಲ್ಪ ಚಿಕ್ಕ ಹೊಟ್ಟೆ. ಆ ಮರ್ಯಾದೆಗೆ ನಾನು ಒಂದು ಕೆಲಸವನ್ನೂ ಅರೆಬರೆ ಮಾಡಲಿಲ್ಲ. ಗಾಳಿಗೆ ದೋಣಿ ಹೊರಡದ ದಿನವೆಲ್ಲ ಶೆಡ್ಲಿಯ ಕಾಫಿ ಅಂಗಡಿಯಲ್ಲಿ ಕೂತು ಆಡಿದೆ. ಗೊತ್ತುಗುರಿ ಇಲ್ಲದ ಊರುಗಳವರನ್ನೆಲ್ಲ ಸೋಲಿಸಿದೆ. ಗೆದ್ದಾಗ ಬಂದ ಮುಚ್ಚಿದ ಪೆಟ್ಟಿಗೆಗಳನ್ನು ನೀನಿಟ್ಟವುಗಳ ಪಕ್ಕ ಸಾಲಾಗಿ ಇಡುತ್ತಾ ಬಂದೆ. ಹತ್ತು ಪೆಟ್ಟಿಗೆ ತುಂಬುವವರೆಗೂ ಒಂದರ ಮುಚ್ಚಳಕ್ಕೂ ಉಗುರು ತಾಗಿಸಲಿಲ್ಲ.

ಆಮೇಲೆ ಗೋಲ್‌ಕೀಪರ್ ತಿಜಾನಿಯ ಕೈಗವಸು ಸವೆಯಿತು. ಈ ಆಟದಲ್ಲಿ ಸಾಮಾನುಗಳೂ ಬಲೆಯ ಹಾಗೆ ಸವೆಯುತ್ತವೆ ಎಂದು ನೀನು ನನಗೆ ಹೇಳಿರಲಿಲ್ಲ. ಎರಡು ಆಟ ಸೋತೆವು. ಚೆಂಡು ನನ್ನ ಕೈಗೆ, ಅಂದರೆ ಅವನ ಕೈಗೆ, ತಾಗಿಯೇ ಒಳಗೆ ಹೋಗುತ್ತಿತ್ತು. ಪಟ್ಟಿಯಲ್ಲಿ ಕೆಳಗಿನವರ ಪಕ್ಕಕ್ಕೆ ಜಾರಿದೆವು. ಅದೇ ದಿನ, ಇದೇ ಆಟದಲ್ಲಿ ತನ್ನದೂ ಒಂದು ಟೀಮು ಕಟ್ಟಿಕೊಂಡಿರುವ ಲಸ್ಸಾದ್ ಸ್ಫಾಕ್ಸಿನ ತನ್ನ ಮೊಳೆ ಅಂಗಡಿಯಿಂದ ಧ್ವನಿ ಸಂದೇಶ ಕಳಿಸಿದ. ಶೆಡ್ಲಿ ಅದನ್ನು ಸ್ಪೀಕರಿಗೆ ಹಾಕಿ ಇಡೀ ಅಂಗಡಿಗೆ ಕೇಳಿಸಿದ. "ತಿಜಾನಿ ಮಾಮ, ನೀವು ಗೋಲಲ್ಲಿ ನಿಂತಿರೋದಾ, ಇಲ್ಲ ಮದುವೆಮನೆ ಬಾಗಿಲಲ್ಲಿ ನಿಂತು ಬನ್ನಿ ಬನ್ನಿ ಅಂತಿರೋದಾ?" ಕುಳಿತವರೆಲ್ಲ ನಕ್ಕರು, ಚಹಾ ಚೆಲ್ಲುವಷ್ಟು. ನಾನೂ ನಕ್ಕೆ. ಮೀಸೆಯೊಳಗೆ ಬೇರೆ ಕೆಲಸ ನಡೆಯುತ್ತಿತ್ತು.

ನೀನು ಓದಿದವಳು, ಲೆಕ್ಕದಲ್ಲಿ ಜಾಣೆ, ನನ್ನ ವಾದವನ್ನು ತಣ್ಣಗೆ ಓದು. ನೀನು ಹೇಳಿದೆ, ರಂಜಾನ್ ತನಕ ಕಾಯಿ, ಅದೃಷ್ಟ ಎರಡರಷ್ಟು. ಒಪ್ಪಿದೆ. ಆದರೆ ರಂಜಾನಿಗೆ ಮುಂಚೆಯೇ ಈ ಋತುವಿನ ಕೊನೆಯ ಆಟ ಮುಗಿಯುತ್ತದೆ. ಅಷ್ಟರಲ್ಲಿ ಎರಡನೇ ದರ್ಜೆಗೆ ಬಿದ್ದರೆ ಚಿನ್ನದ ಪೆಟ್ಟಿಗೆಯೆಲ್ಲ ಬೆಳ್ಳಿಯ ಪೆಟ್ಟಿಗೆಯಾಗುತ್ತದೆ, ಇದು ನಿನ್ನ ಬಾಯಿಂದಲೇ ಕೇಳಿದ್ದು. ಬೆಳ್ಳಿಯಲ್ಲಿ ಎರಡರಷ್ಟು ಅದೃಷ್ಟ ಬಂದು ಯಾರನ್ನು ಸಾಕಬೇಕು? ಇನ್ನೊಂದು ಮಾತು, ಇದಕ್ಕೆ ನಿನ್ನ ನರ್ಸಿಂಗ್ ಶಾಲೆಯ ಪ್ರೊಫೆಸರೂ ಉತ್ತರ ಕೊಡಲಾರ. ಹಬ್ಬಕ್ಕೆ ಅದೃಷ್ಟ ಏರಿಸಿದರೆ ನಮಗೊಬ್ಬರಿಗೇ ಏರಿಸುತ್ತಾರೆಯೇ? ಲಸ್ಸಾದನಿಗೂ ಏರುತ್ತದೆ. ಎಲ್ಲರ ಕೈಯಲ್ಲೂ ಚಿನ್ನದ ಕೈಗವಸು ಇದ್ದರೆ ಅದು ಬರೀ ಕೈಗವಸು. ಬೇರೆಯವರ ಕೈ ಬರಿದಾಗಿರುವಾಗ ನಮ್ಮ ಕೈ ಮುಚ್ಚಿರಬೇಕು. ಪೆಟ್ಟಿಗೆ ತೆಗೆಯುವ ಹೊತ್ತು ಯಾವುದೆಂದರೆ ಟೀಮಿನಲ್ಲಿ ತೂತು ಬಿದ್ದ ಹೊತ್ತು. ತುಂಬಿದ ಉಗ್ರಾಣಕ್ಕೆ ಇನ್ನಷ್ಟು ತುಂಬುವುದಕ್ಕೆ ಜೂಜಾಡುವವನು ದಡ್ಡ, ಒಡೆದ ದೋಣಿಗೆ ಹಲಗೆ ಬೇಕಾದಾಗ ಜೂಜಾಡದೆ ಕೂರುವವನು ಅವನಿಗಿಂತ ದಡ್ಡ. ನಾನು ಎರಡೂ ಅಲ್ಲ.

ಹಾಗಾಗಿ ಹೋದ ವಾರಕ್ಕೆ ಮುಂಚಿನ ಗುರುವಾರ, ಇಳಿದ ನೀರು ತಿರುಗುವ ಹೊತ್ತು ನೋಡಿಕೊಂಡು, ಶೆಡ್ಲಿಯ ಅಂಗಡಿಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತೆ. ನೀರು ತಿರುಗುವಾಗಲೇ ಆಕ್ಟೋಪಸ್ ನಾವು ಹಗ್ಗ ಕಟ್ಟಿ ಕಡಲಿಗಿಳಿಸಿದ ಮಣ್ಣಿನ ಗಡಿಗೆಯೊಳಗೆ ಸೇರುವುದು, ಅದು ನಿನಗೆ ಹೇಳಿಕೊಡಬೇಕಿಲ್ಲ. ಶೆಡ್ಲಿ ಲೋಟ ಒರೆಸುತ್ತಾ ಕೇಳಿದ, "ಫೋನಲ್ಲಿ ನೀರು ತಿರುಗೋದು ಯಾವಾಗಂತ ಯಾರನ್ನ ಕೇಳ್ದೆ ತಿಜಾನಿ?" ನಾನು ಹೇಳಿದೆ, "ನಿನ್ನ ಚಹಾದಲ್ಲಿ ಎಲೆ ಯಾವಾಗ ಹಾಕ್ತೀಯ ಅಂತ ನಾನು ಕೇಳಿದ್ದೀನಾ?" ಆಮೇಲೆ ಪೆಟ್ಟಿಗೆಗಳನ್ನು ಒಂದೊಂದಾಗಿ ತೆಗೆದೆ. ಹಗ್ಗದ ಸಾಲಿನಲ್ಲಿ ಗಡಿಗೆ ಎತ್ತುವಾಗ ಹೇಗೆ ಮಾಡುತ್ತೇವೋ ಹಾಗೆ. ಒಂದನ್ನು ಎತ್ತುವುದು, ಒಳಗೆ ನೋಡುವುದು, ಹಗ್ಗ ಸುತ್ತುವುದು, ಕಲಕಿದ ನೀರು ತಿಳಿಯಾಗಲಿ ಎಂದು ಒಂದು ಸಿಗರೇಟು ಸೇದುವಷ್ಟು ಹೊತ್ತು ಸುಮ್ಮನಿರುವುದು, ಆಮೇಲೆ ಮುಂದಿನದು. ಒಟ್ಟಿಗೆ ಎಳೆದರೆ ಹಗ್ಗ ಹರಿಯುತ್ತದೆ, ಗಡಿಗೆಗೆ ಗಡಿಗೆ ಬಡಿದು ಒಡೆಯುತ್ತದೆ. ನಮ್ಮಪ್ಪ ನನಗೆ ಕಲಿಸಿದ್ದು ಹೀಗೆ, ಅವರಪ್ಪ ಅವರಿಗೆ ಕಲಿಸಿದ್ದೂ ಹೀಗೆ.

ಬಂದದ್ದನ್ನು ಮುಚ್ಚಿಡುವುದಿಲ್ಲ. ಬೂದು ಬಣ್ಣದ ಕಾಲುಚೀಲ. ಮತ್ತೆ ಕಾಲುಚೀಲ, ಸಾಲಾಗಿ ಮೂರು ಪೆಟ್ಟಿಗೆಯಲ್ಲಿ. ಮೊಣಕಾಲಿನ ಪಟ್ಟಿ. ಕ್ಯಾಪ್ಟನ್ನಿನ ತೋಳಿಗೆ ಕಟ್ಟುವ ಬಟ್ಟೆ, ಅದೂ ಹಸಿರು, ನಮ್ಮದು ನೀಲಿ. ನೀರಿನ ಬಾಟಲಿ, ಅದನ್ನು ಆಟದಲ್ಲಿ ಯಾರು ಕುಡಿಯುತ್ತಾರೋ ಆ ದೇವರಿಗೇ ಗೊತ್ತು. ಒಂದರಲ್ಲಿ ಚಿನ್ನಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಒಳ್ಳೆಯ ಬೂಟು ಬಂತು, ಅದನ್ನು ನೀನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಇನ್ನೊಂದರಲ್ಲಿ ಗೋಲ್‌ಕೀಪರ್ ಹಾಕುವ ಬಿಸಿಲಿನ ಟೋಪಿ. ಪ್ರತಿ ಮುಚ್ಚಳ ತೆರೆದಾಗಲೂ ಶೆಡ್ಲಿ ಗಟ್ಟಿಯಾಗಿ ಸಾರುತ್ತಿದ್ದ, "ಮಾಮನ ಗಡಿಗೇಲಿ ಮತ್ತೆ ಕಲ್ಲು ಬಂತು ನೋಡ್ರಪ್ಪೋ." ಕೊನೆಯದಕ್ಕೆ ಬಂದಾಗ ಇಸ್ಪೀಟು ಆಡುತ್ತಿದ್ದವರೂ ಎಲೆ ಮಗುಚಿಟ್ಟು ನನ್ನ ಭುಜದ ಮೇಲಿಂದ ಬಾಗಿದರು. ತೆಗೆದೆ. ಕಾಲುಚೀಲ.

ಅಂದು ಸಂಜೆ ನೀನು ಫೋನಿನಲ್ಲಿ ಕೂಗಿದ್ದು ಪಕ್ಕದ ಮನೆಯ ಮೇಕೆಗೂ ಕೇಳಿಸಿದೆ. "ಮಾಮ, ಹತ್ತೂ ಒಟ್ಟಿಗೆ ತೆಗೆದಿದ್ರೆ ಒಂದು ಚಿನ್ನದ್ದು ಖಾತ್ರಿ ಇತ್ತು. ಖಾತ್ರಿ. ಅದಕ್ಕೇ ತಾನೇ ಹತ್ತಾಗೋವರ್ಗೂ ಕಾದಿದ್ದು. ಒಂದೊಂದಾಗಿ ತೆಗೆಯೋಕೆ ನಿಂಗೆ ಯಾರು ಹೇಳಿದ್ರು?" ನಾನು ಹೇಳಿದ ಉತ್ತರ ನಿನಗೆ ಅರ್ಧ ಮಾತ್ರ ಕೇಳಿಸಿತು, ಅಷ್ಟರಲ್ಲಿ ನೀನು ಫೋನ್ ಇಟ್ಟುಬಿಟ್ಟೆ. ಪೂರ್ತಿ ಉತ್ತರ ಇಲ್ಲಿದೆ. ಕಡಲು ನನಗೆ ಯಾವತ್ತೂ ಖಾತ್ರಿ ಬರೆದುಕೊಟ್ಟಿಲ್ಲ. ಹತ್ತು ಗಡಿಗೆ ಇಳಿಸಿದರೆ ಒಂದರಲ್ಲಾದರೂ ಸಿಗಲೇಬೇಕು ಎನ್ನುವವನು ಮೀನುಗಾರನಲ್ಲ, ಲಸ್ಸಾದನ ಹಾಗೆ ಮೊಳೆ ಮಾರುವವನು, ಮೊಳೆಯ ಪೊಟ್ಟಣದಲ್ಲಿ ಖಾತ್ರಿಯಾಗಿ ಮೊಳೆಯೇ ಇರುತ್ತದೆ. ಖಾತ್ರಿಗಾಗಿ ಕಾಯುವುದನ್ನು ಜೂಜು ಎಂದು ಯಾಕೆ ಕರೆಯುತ್ತೀರೋ ನನಗೆ ಅರ್ಥವಾಗುವುದಿಲ್ಲ. ಅದಕ್ಕೆ ಸಂಬಳ ಎನ್ನಿ.

ನಿಮ್ಮಮ್ಮ ಮಬ್ರೂಕಾ ನಿನ್ನ ಪಕ್ಷ ಸೇರಿದ್ದಾಳೆ. ನನ್ನ ಸ್ವಂತ ಅಕ್ಕ. ಮರುದಿನ ಶುಕ್ರವಾರ ಕುಸ್ಕುಸ್ ಮಾಡಿ ನನ್ನ ತಟ್ಟೆಗೆ ಕುಂಬಳಕಾಯಿ ಹೋಳನ್ನಷ್ಟೇ ಹಾಕಿದಳು. ನಾನೇ ಹಿಡಿದು ತಂದು, ನಾನೇ ಕಲ್ಲಿಗೆ ಬಡಿದು ಮೆತ್ತಗೆ ಮಾಡಿದ ಆಕ್ಟೋಪಸ್ಸು ಅದರ ಬದಿಯಲ್ಲೇ ಬೇರೆ ಬೋಗುಣಿಯಲ್ಲಿತ್ತು. "ನಿಂಗೆ ಬೇಕಾದ್ರೆ ಒಂದೊಂದು ಕಾಲಾಗಿ ಕೇಳು," ಅಂದಳು. ಕೇಳಲಿಲ್ಲ. ನನಗೂ ಮಾನ ಇದೆ. ಅವಳು ಒಳಗೆ ಹೋದಾಗ ಮೂರು ತುಂಡು ತೆಗೆದುಕೊಂಡೆ, ಅದು ಬೇರೆ ವಿಷಯ. ಅವಳ ಮೂಲಕ ನೀನು ಕಳಿಸಿದ ಅಪ್ಪಣೆಯೂ ತಲುಪಿತು. ಶನಿವಾರದೊಳಗೆ ಫೋನನ್ನು ಶೆಡ್ಲಿಗೆ ಒಪ್ಪಿಸಬೇಕು, ಭಾನುವಾರದ ಕೊನೆಯ ಆಟ ಅವನೇ ಆಡುತ್ತಾನೆ, ಎದುರಿಗೆ ಲಸ್ಸಾದನ ಟೀಮು, ಗೆದ್ದರೆ ಮೊದಲ ದರ್ಜೆಯಲ್ಲಿ ಉಳಿಯುತ್ತೇವೆ, ಸೋತರೆ ಕೆಳಗೆ.

ಕೊಡುವುದಿಲ್ಲ. ಕಪ್ಪು ಶಾಯಿಯಲ್ಲಿ ಬರೆಯುತ್ತಿದ್ದೇನೆ, ಬೇಕಾದರೆ ನಿಮ್ಮಮ್ಮನಿಗೆ ಓದಿ ಹೇಳು. ಶೆಡ್ಲಿ ಒಳ್ಳೆಯವನು, ಅವನ ಬೆರಳೂ ಚುರುಕು, ಆದರೆ ಅವನ ಹೆಂಡತಿಯ ಮನೆ ಸ್ಫಾಕ್ಸಿನಲ್ಲಿದೆ ಮತ್ತು ಲಸ್ಸಾದನ ಸಂದೇಶವನ್ನು ಸ್ಪೀಕರಿಗೆ ಹಾಕಿದವನು ಅವನೇ. ಆ ಗೋಲಿನಲ್ಲಿ ನಿಂತಿರುವುದು ಶೆಡ್ಲಿಯ ಮೀಸೆಯಲ್ಲ. ಸೋತರೆ ನಾನೇ ಸೋಲುತ್ತೇನೆ. ಆಮೇಲೆ ನೀನು ರಜೆಗೆ ಬಂದಾಗ ಬಂದರಿನ ಕಟ್ಟೆಯ ಮೇಲೆ ನಿಂತು ಎಲ್ಲರೆದುರು ಬಯ್ಯಿ, ತಲೆ ಬಗ್ಗಿಸಿ ಕೇಳುತ್ತೇನೆ. ಗೆದ್ದರೆ ನೀನು ತಲೆ ಬಗ್ಗಿಸುವುದು ಬೇಡ, ನನಗಾಗಿ ಒಂದು ಸಲ ಲಸ್ಸಾದನ ಅಂಗಡಿಗೆ ಹೋಗಿ ಒಂದೇ ಒಂದು ಮೊಳೆ ಕೊಂಡುಕೊಂಡು ಬಾ, ಏನೂ ಮಾತಾಡಬೇಡ, ಅವನಿಗೆ ಅರ್ಥವಾಗುತ್ತದೆ. ಆಟದೊಳಗಿನ ಅಂಗಡಿಯಲ್ಲಿ ಮಾಮೂಲಿ ಕೈಗವಸು ಸಿಗುತ್ತದಲ್ಲ, ಅದನ್ನೇ ಕೊಂಡು ಹಾಕು ಎಂದು ಶೆಡ್ಲಿ ಹೇಳುತ್ತಾನೆ. ಹಾಕಿ ನೋಡಿದೆ. ಲಸ್ಸಾದನ ಆ ಎಡಗಾಲಿನವನು ಹೊಡೆದರೆ ಅದರಿಂದ ತಡೆಯುವುದು ಬರಿಗೈಯಲ್ಲಿ ತಡೆದಂತೆ. ಆದರೂ ನಿಲ್ಲುತ್ತೇನೆ. ಹಿಂದೆ ಮರಳಿನ ಮೈದಾನದಲ್ಲಿ ನಾನು ಗೋಲಿನಲ್ಲಿ ನಿಂತಾಗ ಕೈಗವಸು ಎನ್ನುವುದನ್ನು ಈ ದ್ವೀಪ ಕಣ್ಣಿನಲ್ಲೇ ನೋಡಿರಲಿಲ್ಲ. ಅಂದು ನನ್ನನ್ನು ದಾಟಿ ಒಳಗೆ ಹೋದದ್ದು ಗಾಳಿ ಎತ್ತಿಕೊಂಡು ಹೋದ ಚೆಂಡುಗಳು ಮಾತ್ರ. ಗಾಳಿ ಬಹಳ ಇರುತ್ತಿತ್ತು ಎನ್ನುವುದನ್ನೂ ಒಪ್ಪುತ್ತೇನೆ.

ಓದಿನ ಕಡೆ ಗಮನ ಇರಲಿ. ರೋಗಿಗಳ ಹತ್ತಿರ ನನ್ನ ಹತ್ತಿರ ಮಾತಾಡಿದ ಹಾಗೆ ಮಾತಾಡಬೇಡ, ಪಾಪ, ಅವರಿಗೆ ಎದ್ದು ಓಡುವುದಕ್ಕೂ ಆಗುವುದಿಲ್ಲ. ನೀನು ಮುಟ್ಟಿದವರ ಜ್ವರ ಇಳಿಯಲಿ, ನಿನ್ನ ಸಿಟ್ಟೂ ಅದರ ಜೊತೆ ಇಳಿಯಲಿ. ನಿಮ್ಮಮ್ಮ ಚೆನ್ನಾಗಿದ್ದಾಳೆ. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ, ನನ್ನ ಪಾಲಿನ ಆಯುಷ್ಯದಲ್ಲಿ ಬೇಕಾದಷ್ಟನ್ನು ತೆಗೆದುಕೊ, ಭಾನುವಾರದವರೆಗಿನದನ್ನು ಮಾತ್ರ ನನಗೆ ಬಿಡು.

ಯಾರಿಗೂ ಬಗ್ಗದ,
ನಿನ್ನ ತಿಜಾನಿ ಮಾಮ

ಮತ್ತೊಂದು ಮಾತು, ಸಲಾಹ್ ಫೆರ್ರಿಗೆ ಹೊತ್ತಾಯಿತೆಂದು ಬಾಗಿಲಲ್ಲಿ ನಿಂತಿದ್ದಾನೆ. ಹತ್ತು ದಿನದಿಂದ ಬಡಗಣ ಗಾಳಿ, ದೋಣಿಗಳೆಲ್ಲ ದಡದಲ್ಲಿವೆ, ನಾನು ಕೂತು ಆಡಿದ್ದೇ ಆಡಿದ್ದು. ಇವತ್ತು ಬೆಳಿಗ್ಗೆಗೆ ಮತ್ತೆ ಹತ್ತು ಪೆಟ್ಟಿಗೆ ತುಂಬಿವೆ. ಮುಟ್ಟಿಲ್ಲ. ಭಾನುವಾರಕ್ಕೆ ಮುಂಚೆ ತೆಗೆಯುವುದೋ ರಂಜಾನಿಗೆ ಇಡುವುದೋ ನೀನೇ ಹೇಳು, ಈ ಸಲ ನಿನ್ನ ಮಾತೇ ನಡೆಯಲಿ. ತೆಗೆ ಎನ್ನುವುದಾದರೆ ಹತ್ತನ್ನೂ ಒಟ್ಟಿಗೆ ತೆಗೆಯುವ ಗುಂಡಿ ಯಾವುದು? ನೀನು ಫೋನನ್ನು ಪೂರ್ತಿ ಫ್ರೆಂಚಿಗೆ ಹಾಕಿಟ್ಟು ಹೋಗಿದ್ದೀಯ, ನಾನು ಬಣ್ಣ ನೋಡಿ ಒತ್ತುವವನು, ನನಗೆ ಗೊತ್ತಿರುವುದು ಒಂದು ಸಲಕ್ಕೆ ಒಂದೇ ಪೆಟ್ಟಿಗೆ ತೆಗೆಯುವ ಹಳದಿ ಗುಂಡಿ ಮಾತ್ರ. ಶೆಡ್ಲಿಯನ್ನು ಕೇಳಿದರೆ ಸ್ಪೀಕರಿಗೆ ಹಾಕುತ್ತಾನೆ. ಬ್ಲಾಕ್ ತೆಗೆದು ಒಂದು ಸಲ ಫೋನ್ ಮಾಡು, ಬಣ್ಣ ಹೇಳಿ ಇಟ್ಟುಬಿಡು, ಬೇರೆ ಏನೂ ಮಾತಾಡಬೇಕಾಗಿಲ್ಲ.